ಬಡಾವಣೆಯ ಪಾರ್ಕಿನಲ್ಲಿ ನಡಿಗೆ–ವ್ಯಾಯಾಮದ ಗುಂಪು: ಎಷ್ಟು ಹೊತ್ತು, ಹೇಗೆ, ಮನಸ್ಸಿಗೆ ನಿಜಕ್ಕೂ ಉಪಯೋಗವೇ? (ಹಾಸನ)

ಪ್ರಶ್ನೆ — ಬಡಾವಣೆ_ಹಾಸನ

ನಮ್ಮದು ಹಾಸನದ ಒಂದು ಬಡಾವಣೆಯ ನಿವಾಸಿಗಳ ಸಂಘ. ಪಾರ್ಕಿನ ಸುತ್ತ ಇಂಟರ್‌ಲಾಕ್ ಹಾಸಿದ ದಾರಿ ಇದೆ, ಒಂದು ಸುತ್ತಿಗೆ 240 ಮೀಟರ್. ಮಧ್ಯೆ ಒಂದು ಕಟ್ಟೆ, ನಾಲ್ಕು ಸಿಮೆಂಟ್ ಬೆಂಚು. ಸೇರುತ್ತೇವೆ ಎಂದವರು ಸುಮಾರು ಮೂವತ್ತು ಜನ, ಮೂವತ್ತೈದರಿಂದ ಎಪ್ಪತ್ತು ದಾಟಿದವರವರೆಗೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿಪಿ ಅಥವಾ ಶುಗರ್.

2025ರ ಮೇ–ಜೂನ್‌ನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನಾ ಟಿವಿಯಲ್ಲಿ ಬಂತಲ್ಲ, ಆಮೇಲೆ ಜನ ಎರಡು ಗುಂಪಾಗಿದ್ದಾರೆ. ಕೆಲವರು ಹೆದರಿ ಏಕಾಏಕಿ ಓಡೋಕೆ ಶುರುಮಾಡಿದರು, ಇನ್ನು ಕೆಲವರು ಜೋರಾಗಿ ನಡೆದರೂ ಏನಾದರೂ ಆದೀತು ಅಂತ ಗೇಟು ದಾಟುತ್ತಿಲ್ಲ. ಇನ್ನೊಂದು ಕಡೆ ನಿವೃತ್ತಿಯಾದ ಮೇಲೆ ಮಂಕಾಗಿ ಕೂತವರು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಮಾತೇ ಕಮ್ಮಿ ಆದವರು ಇದ್ದಾರೆ. ಈ ಗುಂಪು ಮುಖ್ಯವಾಗಿ ಅವರಿಗಾಗಿ.

ಒಂದು ದಿನದ ಕಾರ್ಯಕ್ರಮ ಹೇಗಿರಬೇಕು? ಶುರುಮಾಡುವ ಮೊದಲು ಯಾರನ್ನು ವೈದ್ಯರ ಹತ್ತಿರ ಕಳಿಸಬೇಕು? ಖಿನ್ನತೆ, ಆತಂಕ ಇರುವವರಿಗೆ ವ್ಯಾಯಾಮದಿಂದ ಎಷ್ಟರ ಮಟ್ಟಿಗೆ ಪ್ರಯೋಜನ? ಇಂಥ ಗುಂಪುಗಳು ಮೂರು ತಿಂಗಳಲ್ಲಿ ಕರಗಿಹೋಗುತ್ತವೆ ಅಂತಾರೆ, ಯಾಕೆ? ತಿಳಿದವರು ವಿವರವಾಗಿ ಬರೆಯಿರಿ.

ಉತ್ತರ 1 — ಕೀಲುಸ್ನಾಯು (ಫಿಸಿಯೋಥೆರಪಿ)

ಮೊದಲು ಭಯದ ಮಾತು. ಆ ಸಾವುಗಳನ್ನು ಪರಿಶೀಲಿಸಿದ ಸರ್ಕಾರದ ತಜ್ಞರ ಸಮಿತಿ, ಜಿಲ್ಲೆಯಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಎಂದೇ ಹೇಳಿತು. ನಡೆದರೆ ಹೃದಯಕ್ಕೆ ಅಪಾಯ ಅನ್ನುವುದು ತಲೆಕೆಳಗಾದ ಲೆಕ್ಕ. 1953ರಷ್ಟು ಹಿಂದೆಯೇ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ಸಿಬ್ಬಂದಿಯ ಲೆಕ್ಕ ತೆಗೆದು, ಎರಡಂತಸ್ತಿನ ಬಸ್ಸಿನಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಲ್ಲಿ ಹೃದ್ರೋಗ ಹೆಚ್ಚು ಎಂದು ತೋರಿಸಿದ್ದರು. ಅಪಾಯ ಇರುವುದು ವರ್ಷಗಟ್ಟಲೆ ಕೂತವರು ಒಂದೇ ಬೆಳಿಗ್ಗೆ ಓಡಲು ಹೊರಟಾಗ. ನಿಮ್ಮ ಮೊದಲ ಗುಂಪಿನವರನ್ನು ನಿಧಾನಿಸಿ, ಎರಡನೆಯವರನ್ನು ಎಬ್ಬಿಸಿ.

ಸೇರುವಾಗ ಪ್ರತಿಯೊಬ್ಬರನ್ನೂ ಖಾಸಗಿಯಾಗಿ ಇಷ್ಟು ಕೇಳಿ: ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತೆ, ಭಾರ ಇಟ್ಟಂತೆ ಆಗುತ್ತದೆಯೇ? ಕೂತರೆ ಅದು ಹೋಗುತ್ತದೆಯೇ? ಕಳೆದ ವರ್ಷದಲ್ಲಿ ತಲೆಸುತ್ತಿ ಬಿದ್ದಿದ್ದಾರೆಯೇ? ಹೃದಯದ ತೊಂದರೆ ಇದೆ ಎಂದು ವೈದ್ಯರು ಹೇಳಿದ್ದಾರೆಯೇ? ಬಿಪಿ 160/90ರ ಮೇಲೇ ನಿಂತಿದೆಯೇ? ಯಾವುದಕ್ಕೆ ‘ಹೌದು’ ಬಂದರೂ ಮೊದಲು ವೈದ್ಯರು, ಆಮೇಲೆ ಪಾರ್ಕು. ನಡೆದಾಗ ಬಂದು ಕೂತಾಗ ಹೋಗುವ ಎದೆಭಾರವನ್ನು ಗ್ಯಾಸ್ಟ್ರಿಕ್ ಅಂತ ತಳ್ಳಿಹಾಕುವವರೇ ಹೆಚ್ಚು, ಅದೊಂದನ್ನು ಬಿಡಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರ ಶುಗರ್ ಹೊರಡುವ ಮುಂಚೆ 100ಕ್ಕಿಂತ ಕೆಳಗಿದ್ದರೆ ಒಂದು ಬಾಳೆಹಣ್ಣು ತಿಂದೇ ಬರಲಿ, ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ.

ಪ್ರಮಾಣಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷ ಜೋರು ಶ್ರಮ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ ಎನ್ನುತ್ತದೆ. 65 ದಾಟಿದವರಿಗೆ ಇದರ ಮೇಲೆ ವಾರದಲ್ಲಿ ಮೂರು ದಿನ ಸಮತೋಲನದ ಅಭ್ಯಾಸ. ಮಧ್ಯಮ ಶ್ರಮ ಅಂದರೆ ಮಾತಾಡಲು ಬರಬೇಕು, ಹಾಡಲು ಬರಬಾರದು. ಹೆಜ್ಜೆ ಎಣಿಸಿದರೆ ನಿಮಿಷಕ್ಕೆ ಸುಮಾರು 100.

ನಿಮ್ಮ 240 ಮೀಟರ್ ಸುತ್ತು ಬಹಳ ಅನುಕೂಲದ್ದು. ಬಿರುಸಾಗಿ ನಡೆದರೆ ಒಂದು ಸುತ್ತಿಗೆ ಸರಿಯಾಗಿ ಮೂರು ನಿಮಿಷ, ಆರಾಮವಾಗಿ ನಡೆದರೆ ನಾಲ್ಕು. ಜಪಾನಿನಲ್ಲಿ ವಯಸ್ಸಾದವರಿಗೆ ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ ಎಂಬ ಪದ್ಧತಿಯಲ್ಲಿ ನಡೆಸಿ, ಒಂದೇ ವೇಗದ ನಡಿಗೆಗಿಂತ ಹೆಚ್ಚು ಫಲ ಕಂಡಿದ್ದಾರೆ. ನಿಮಗೆ ಗಡಿಯಾರವೇ ಬೇಡ. ಒಂದು ಸುತ್ತು ನಿಧಾನ, ಒಂದು ಸುತ್ತು ಬಿರುಸು. ಐದು ನಿಧಾನ, ನಾಲ್ಕು ಬಿರುಸು ಅಂದರೆ 32 ನಿಮಿಷ. ಆದರೆ ಮೊದಲ ದಿನವೇ ಒಂಬತ್ತು ಸುತ್ತು ಬೇಡ. ಮೊದಲ ಎರಡು ವಾರ ಎಲ್ಲರೂ ಮೂರೇ ಸುತ್ತು, ಅದೂ ಆರಾಮವಾಗಿ. ಆಮೇಲೆ ವಾರಕ್ಕೊಂದು ಸುತ್ತು ಏರಿಸಿ. ಸುತ್ತು ಏರಿಸಿದ ವಾರ ವೇಗ ಏರಿಸಬೇಡಿ. ಒಂದು ದಿನ ಬಲಕ್ಕೆ, ಮರುದಿನ ಎಡಕ್ಕೆ ಸುತ್ತಿ, ಯಾವಾಗಲೂ ಒಂದೇ ಕಡೆ ತಿರುಗಿದರೆ ಒಂದೇ ಕಾಲಿನ ಮಂಡಿ, ಸೊಂಟಕ್ಕೆ ಭಾರ ಬೀಳುತ್ತದೆ.

ಬೆಂಚನ್ನು ಬಲವರ್ಧನೆಗೆ ಬಳಸಿ. ಬೆಂಚಿನ ತುದಿಯಲ್ಲಿ ಕೂತು, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದು, ಕೈ ಎದೆ ಮೇಲೆ ಕಟ್ಟಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಎದ್ದೇಳಬೇಕು. ಇಳಿಯುವಾಗ ಮೂರು ಎಣಿಸುತ್ತ ನಿಧಾನ, ಧೊಪ್ಪನೆ ಕೂರಬಾರದು. ಎಂಟು ಸಲ, ಒಂದು ನಿಮಿಷ ಬಿಡುವು, ಮತ್ತೆ ಎಂಟು. ಬಹುಪಾಲು ಜನ ಪಾದ ಮುಂದಿಟ್ಟು ಏಳಲು ನೋಡಿ ಮಂಡಿ ನೋಯಿಸಿಕೊಳ್ಳುತ್ತಾರೆ. ಬೆಂಚಿನ ಬೆನ್ನಿಗೆ ಕೈಯೂರಿ ದಂಡ ಹೊಡೆದಂತೆ ಎಂಟು, ಹಿಮ್ಮಡಿ ಎತ್ತುವುದು ಹನ್ನೆರಡು. ಎಲ್ಲದರಲ್ಲೂ ಗಟ್ಟಿಯಾಗಿ ಎಣಿಸಿ. ಉಸಿರು ಬಿಗಿಹಿಡಿದರೆ ಬಿಪಿ ಜಿಗಿಯುತ್ತದೆ, ಬಾಯಲ್ಲಿ ಎಣಿಸುತ್ತಿದ್ದರೆ ಉಸಿರು ಹಿಡಿಯಲು ಆಗುವುದಿಲ್ಲ. ಇದು ವಾರಕ್ಕೆ ಎರಡು ದಿನ, ನಡುವೆ ಅಂತರವಿಟ್ಟು. ಹಿರಿಯರಿಗೆ ಇಂಟರ್‌ಲಾಕ್ ಕಲ್ಲಿನ ಸಂದಿಯ ಗೆರೆ ಹಿಡಿದು ಹಿಮ್ಮಡಿಗೆ ಬೆರಳು ಮುಟ್ಟಿಸಿ ಹತ್ತು ಹೆಜ್ಜೆ, ಮತ್ತೆ ಬೆಂಚಿನ ಪಕ್ಕ ಒಂಟಿಗಾಲಲ್ಲಿ ಹತ್ತು ಸೆಕೆಂಡು.

ಕೊನೆಯ ಸುತ್ತು ಯಾವಾಗಲೂ ನಿಧಾನ. ಬಿರುಸಿನಿಂದ ಗಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗುತ್ತದೆ, ಬಿಪಿ ಮಾತ್ರೆಯವರಿಗೆ ಇನ್ನೂ ಬೇಗ. ಹವಾಯಿ ಚಪ್ಪಲಿಯಲ್ಲಿ ನಡೆದವರಿಗೆ ಕೆಲವು ವಾರಗಳಲ್ಲಿ ಹಿಮ್ಮಡಿ ನೋವು ಬರಬಹುದು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಚುಚ್ಚುತ್ತದೆ. ಹಿಂಭಾಗ ಗಟ್ಟಿಯಿರುವ ಶೂ ಹಾಕಿ, ಗೋಡೆಗೆ ಕೈ ಒತ್ತಿ ಮೀನಖಂಡವನ್ನು ಮೂವತ್ತು ಸೆಕೆಂಡಿನಂತೆ ಮೂರು ಸಲ ಎಳೆಯಲಿ. ವ್ಯಾಯಾಮದಿಂದ ಬಂದ ಕೀಲು ನೋವು ಮರುದಿನ ಅದೇ ಹೊತ್ತಿಗೂ ಉಳಿದಿದ್ದರೆ ಪ್ರಮಾಣ ಜಾಸ್ತಿ ಆಗಿದೆ ಎಂದೇ ಅರ್ಥ, ಅರ್ಧಕ್ಕೆ ಇಳಿಸಿ. ಡಿಸೆಂಬರ್–ಜನವರಿಯ ಹಾಸನದ ಮಂಜಿನಲ್ಲಿ ಹೃದಯ, ಆಸ್ತಮಾ ಇರುವವರು ಬಿಸಿಲು ಬಿದ್ದ ಮೇಲೆ ಬರಲಿ.

ಗುಂಪಿನಲ್ಲಿ ನಾಲ್ಕು ಜನರಾದರೂ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಳಿಸುವ ಕ್ರಮ) ಕಲಿಯಲಿ. ಎದೆಯ ಮಧ್ಯೆ ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ ಒತ್ತು, 108ಕ್ಕೆ ಕರೆ. ಹೃದಯದ ಭಯ ಇರುವ ಊರಿನಲ್ಲಿ ‘ಇಲ್ಲಿ ಗೊತ್ತಿರುವವರಿದ್ದಾರೆ’ ಎಂಬ ಧೈರ್ಯವೇ ಎಷ್ಟೋ ಜನರನ್ನು ಗೇಟಿನಾಚೆ ತರುತ್ತದೆ.

ಉತ್ತರ 2 — ಮನೋಸಾಮಾಜಿಕ

ಮನಸ್ಸಿನ ಪ್ರಶ್ನೆಗೆ: ಉಪಯೋಗ ಇದೆ, ಅದು ಬಾಯಿಮಾತಲ್ಲ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆ ಇದ್ದ, ಐವತ್ತು ದಾಟಿದ 156 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ, ಒಂದಕ್ಕೆ ಎರಡೂ ಕೊಟ್ಟರು. 16 ವಾರದ ಕೊನೆಗೆ ಮೂರೂ ಗುಂಪಿನ ಸುಧಾರಣೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂತು. ಮಾತ್ರೆಯವರಲ್ಲಿ ಬೇಗ ಕಾಣಿಸಿತು. 2024ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಖಿನ್ನತೆಗೆ ವ್ಯಾಯಾಮದ 218 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ನೋಡಿದಾಗ ನಡಿಗೆ ಅಥವಾ ನಿಧಾನ ಓಟ, ಯೋಗ, ಬಲವರ್ಧನೆ ಇವು ಮುಂದೆ ಬಂದವು. ನಿಮ್ಮ ಕೆಲಸಕ್ಕೆ ಇನ್ನೂ ಮುಖ್ಯವಾದದ್ದು 2022ರ ವಿಶ್ಲೇಷಣೆ: ಶಿಫಾರಸಾದ ಪ್ರಮಾಣದ ಅರ್ಧದಷ್ಟು ಮಾಡುವವರಲ್ಲೇ ಖಿನ್ನತೆ ಕಾಣಿಸಿಕೊಳ್ಳುವುದು ಏನೂ ಮಾಡದವರಿಗಿಂತ ಶೇ. 18ರಷ್ಟು ಕಡಿಮೆ, ಪೂರ್ತಿ ಮಾಡುವವರಲ್ಲಿ ಶೇ. 25ರಷ್ಟು. ಅಂದರೆ ಮೊದಲ ಅರ್ಧದಲ್ಲೇ ಹೆಚ್ಚಿನ ಫಲ ಇದೆ. ಮೂರು ಸುತ್ತಿನವರನ್ನು ಒಂಬತ್ತು ಸುತ್ತಿನವರು ಕೀಳಾಗಿ ನೋಡದಂತೆ ಮಾಡುವುದು ಸಂಘದ ಕೆಲಸ.

ಈಗ ಕಷ್ಟದ ಭಾಗ. ಖಿನ್ನತೆ ಇರುವವರಿಗೆ ‘ಸ್ವಲ್ಪ ವಾಕಿಂಗ್ ಹೋಗಿ, ಎಲ್ಲ ಸರಿಹೋಗುತ್ತೆ’ ಎಂದು ದಯವಿಟ್ಟು ಹೇಳಬೇಡಿ. ಕಾಯಿಲೆಯೇ ಏಳುವ ಶಕ್ತಿ ಕಸಿದುಕೊಂಡಿರುತ್ತದೆ. ಏಳಲು ಆಗದ್ದನ್ನು ಅವರು ತಮ್ಮ ಸೋಮಾರಿತನ ಎಂದು ಎಣಿಸಿ ಇನ್ನಷ್ಟು ಕುಗ್ಗುತ್ತಾರೆ. ಮನಸ್ಸು ಬಂದ ಮೇಲೆ ಹೊರಡುವುದಲ್ಲ, ಹೊರಟ ಮೇಲೆ ಮನಸ್ಸು ಬರುವುದು, ಈ ಕ್ರಮ ನೆನಪಿಡಿ. ಆದ್ದರಿಂದ ಗುರಿಯನ್ನು ನಾಚಿಕೆಯಾಗುವಷ್ಟು ಚಿಕ್ಕದು ಮಾಡಬೇಕು. ಮೊದಲ ಮೂರು ದಿನ ಸಂಜೆ ಐದಕ್ಕೆ ಶೂ ಹಾಕಿ ಜಗಲಿಯಲ್ಲಿ ಹತ್ತು ನಿಮಿಷ ಕೂರುವುದು, ಅಷ್ಟೇ. ಆಮೇಲೆ ಗೇಟಿನವರೆಗೆ. ಆಮೇಲೆ ಪಾರ್ಕಿನ ಬೆಂಚಿನವರೆಗೆ, ನಡೆಯಲೇಬೇಕೆಂದಿಲ್ಲ. ನಂತರ ಒಂದು ಸುತ್ತು, ಒಬ್ಬರ ಜೊತೆ. ಜೊತೆಗಾರ ಮಾತು ತುಂಬಿಸಲು ಹೋಗಬಾರದು. ಪಕ್ಕದಲ್ಲಿ ನಡೆಯುವಾಗ ಮುಖ ನೋಡಬೇಕಾದ ಒತ್ತಡ ಇಲ್ಲ, ಅದರಿಂದಲೇ ಎದುರು ಕೂತಾಗ ಬಾರದ ಮಾತು ನಡಿಗೆಯಲ್ಲಿ ಬರುತ್ತದೆ.

ಒಂದು ಪುಟ್ಟ ನೋಟ್‌ಬುಕ್ ಕೊಡಿ. ಹೊರಡುವ ಮುಂಚೆ ಮನಸ್ಸು ಹತ್ತಕ್ಕೆ ಎಷ್ಟು, ಬಂದ ಮೇಲೆ ಎಷ್ಟು, ಎರಡೇ ಅಂಕಿ. ಖಿನ್ನತೆಯಲ್ಲಿ ನೆನಪು ಕೆಟ್ಟದ್ದನ್ನೇ ಹೆಕ್ಕುತ್ತದೆ, ‘ಹೋಗಿ ಏನೂ ಪ್ರಯೋಜನ ಆಗಲಿಲ್ಲ’ ಎನ್ನಿಸುತ್ತದೆ. ಪುಟ ತಿರುಗಿಸಿದರೆ 3 ಇದ್ದದ್ದು 4 ಆದ ಸಾಲುಗಳು ಕಣ್ಣಿಗೆ ಬೀಳುತ್ತವೆ. ಎಂಟು ವಾರವಾದರೂ ಅವಕಾಶ ಕೊಡಿ.

ಆತಂಕ, ಪ್ಯಾನಿಕ್ ಇರುವವರ ತೊಡಕು ಬೇರೆ. ನಿಮ್ಮ ಊರಿನ ಸುದ್ದಿಯ ನಂತರ ಇವರೇ ಹೆಚ್ಚು ಸಿಗುತ್ತಾರೆ. ಬಿರುಸಾಗಿ ನಡೆದಾಗ ಎದೆ ಹೊಡೆದುಕೊಳ್ಳುವುದು, ಏದುಸಿರು, ಬೆವರು, ಎಲ್ಲವೂ ಅವರಿಗೆ ಹೃದಯಾಘಾತದಂತೆಯೇ ಕಾಣುತ್ತದೆ, ಅರ್ಧದಲ್ಲೇ ವಾಪಸ್ ಹೋಗುತ್ತಾರೆ. ವೈದ್ಯರು ಹೃದಯ ಚೆನ್ನಾಗಿದೆ ಎಂದ ಮೇಲೆ ಇದನ್ನು ಮಾಡಿಸಿ: ಕಟ್ಟೆಯ ಮೆಟ್ಟಿಲನ್ನು ಒಂದು ನಿಮಿಷ ಹತ್ತಿ ಇಳಿಯುವುದು, ಮಣಿಕಟ್ಟಿನಲ್ಲಿ ನಾಡಿ ಎಣಿಸುವುದು, ಕೂತು ಎರಡು ಮೂರು ನಿಮಿಷ ಬಿಟ್ಟು ಮತ್ತೆ ಎಣಿಸುವುದು. ಏರಿದ್ದು ತಾನಾಗಿ ಇಳಿಯುವುದನ್ನು ಬೆರಳಲ್ಲೇ ಕಂಡರೆ ಭಯದ ಬುಡ ಅಲ್ಲಾಡುತ್ತದೆ. ದಿನಕ್ಕೆ ಮೂರು ಸಲ, ಎರಡು ವಾರ. ಪ್ರೊಪ್ರನಲಾಲ್, ಮೆಟೊಪ್ರೊಲಾಲ್‌ನಂಥ ನಾಡಿ ನಿಧಾನಿಸುವ ಮಾತ್ರೆ ತೆಗೆದುಕೊಳ್ಳುವವರ ನಾಡಿ ಅಷ್ಟು ಏರುವುದಿಲ್ಲ, ಅವರು ನಾಡಿಯ ಅಂಕಿ ನೋಡದೆ, ಮೇಲೆ ಹೇಳಿದ ‘ಮಾತಾಡಲು ಬರುತ್ತದೆಯೇ’ ಎಂಬ ಪರೀಕ್ಷೆಯನ್ನೇ ನಂಬಲಿ. ಲಿಥಿಯಂ (ಮನಸ್ಸಿನ ತೀವ್ರ ಏರಿಳಿತದ ಕಾಯಿಲೆಗೆ ಕೊಡುವ ಮಾತ್ರೆ) ತೆಗೆದುಕೊಳ್ಳುವವರು ಬೆವರು ಸುರಿಸಿ ನೀರು ಕಡಿಮೆ ಕುಡಿದರೆ ರಕ್ತದಲ್ಲಿ ಲಿಥಿಯಂ ಏರಿ ಕೈನಡುಕ, ವಾಂತಿ, ತೂರಾಟ ಬರಬಹುದು. ಅವರು ನೀರು ಬಿಡಬಾರದು, ಉಪ್ಪು ಏಕಾಏಕಿ ಕಡಿಮೆ ಮಾಡಬಾರದು, ಏಪ್ರಿಲ್ ಬಿಸಿಲಲ್ಲಿ ನಡೆಯಬಾರದು.

ಯಾರಾದರೂ ‘ಬದುಕೇ ಸಾಕು’ ಎಂದರೆ ಅದು ವ್ಯಾಯಾಮದ ಗುಂಪು ಹೊರಬೇಕಾದ ಭಾರವಲ್ಲ. ಒಂಟಿಯಾಗಿ ಬಿಡಬೇಡಿ, ಮನೆಯವರಿಗೆ ತಿಳಿಸಿ, ಆ ದಿನವೇ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಪಾರ್ಕಿನ ಬೋರ್ಡಿನಲ್ಲಿ ಬರೆಸಿ.

ಉತ್ತರ 3 — ಆಟದಬಯಲು (ದೈಹಿಕ ಶಿಕ್ಷಣ, ಚಿಕ್ಕಮಗಳೂರು)

ಗುಂಪು ಯಾಕೆ ಕರಗುತ್ತದೆ ಎಂಬುದಕ್ಕೆ. ಮೊದಲ ಕಾರಣ ವೇಗ. ಮೂರು ಜನ ಚುರುಕಿನವರು ಮುಂದೆ ಹೋಗುತ್ತಾರೆ, ಹಿಂದೆ ಉಳಿದವರು ಎರಡನೇ ವಾರಕ್ಕೆ ಬರುವುದಿಲ್ಲ. ನಮ್ಮೂರಿನ ರತ್ನಗಿರಿ ಬೋರೆ ಗುಡ್ಡದಂಥ ಏರುದಾರಿಯಲ್ಲಿ ಈ ತೊಂದರೆ ದಿನಾ ಕಾಣುತ್ತದೆ. ನಿಮ್ಮದು ಸುತ್ತುದಾರಿ, ಹಾಗಾಗಿ ಪರಿಹಾರ ಸುಲಭ: ದೂರವಲ್ಲ, ಸಮಯ ಹಿಡಿಯಿರಿ. ಎಲ್ಲರೂ ಒಂದೇ ಹೊತ್ತಿಗೆ ಶುರು, ಸೀಟಿ ಊದಿದಾಗ ಎಲ್ಲರೂ ನಿಲ್ಲುವುದು. ಯಾರು ಎಷ್ಟು ಸುತ್ತು ಎಂದು ಎಣಿಸುವವರು ಯಾರೂ ಬೇಡ. ವಾಟ್ಸ್ಯಾಪಿನಲ್ಲಿ ಹೆಜ್ಜೆಯ ಫೋಟೊ ಹಾಕುವುದು, ಪಾರ್ಕಿನಲ್ಲಿ ತೂಕದ ಯಂತ್ರ ಇಡುವುದು ಬೇಡವೇ ಬೇಡ. ದಪ್ಪಗಿರುವವರು ಮೊದಲು ಬಿಟ್ಟುಹೋಗುವುದು ಅದರಿಂದಲೇ.

ಎರಡನೆಯದು ಹೊತ್ತು. ಬೆಳಿಗ್ಗೆ ಆರಕ್ಕೆ ಇಟ್ಟರೆ ಅದು ಗಂಡಸರ ಗುಂಪಾಗುತ್ತದೆ, ಹೆಂಗಸರಿಗೆ ಆಗ ತಿಂಡಿ, ಡಬ್ಬಿ, ನೀರು ಬರುವ ಹೊತ್ತು. ಹತ್ತೂವರೆ ಅಥವಾ ಸಂಜೆ ನಾಲ್ಕೂವರೆಗೆ ಇನ್ನೊಂದು ತಂಡ ಇಡಿ. ಸಂಜೆ ತಂಡ ಉಳಿಯಬೇಕಾದರೆ ಎರಡೂ ಗೇಟಿನ ಬಳಿ ದೀಪ ಉರಿಯಬೇಕು, ಬೀದಿನಾಯಿಗೆ ಗೇಟಿನೊಳಗೆ ಊಟ ಹಾಕುವುದನ್ನು ಬೇರೆಡೆಗೆ ಸಾಗಿಸಬೇಕು. ಹೆಂಗಸರು ದಿನಾ ಕಾಣುವ ಪಾರ್ಕಿಗೆ ಮಕ್ಕಳು ತಾವಾಗಿ ಬರುತ್ತಾರೆ. ಬಾಟಲಿ ಹಿಡಿದು ಕೂರುವವರು ತಾವಾಗಿ ಜಾಗ ಬದಲಿಸುತ್ತಾರೆ. ಸಮಾಜಕ್ಕೆ ಏನು ಲಾಭ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಮೂರನೆಯದು ಗೈರು. ಹಾಜರಿ ಪುಸ್ತಕ ಇಡಿ, ಆದರೆ ದಂಡಕ್ಕಲ್ಲ. ಇಬ್ಬಿಬ್ಬರ ಜೋಡಿ ಮಾಡಿ, ಮನೆ ಹತ್ತಿರದವರನ್ನೇ. ಎರಡು ದಿನ ಕಾಣದಿದ್ದರೆ ಮೂರನೇ ದಿನ ಜೋಡಿಯವರು ಮನೆಗೆ ಹೋಗಿ ‘ಹೋಗೋಣ್ವಾ?’ ಎನ್ನಲಿ. ‘ಯಾಕೆ ಬರಲಿಲ್ಲ?’ ಎನ್ನುವುದು ಬೇಡ, ಅದಕ್ಕೆ ಉತ್ತರ ಕೊಡುವ ಮುಜುಗರಕ್ಕೇ ಜನ ಬಾಗಿಲು ತೆಗೆಯುವುದಿಲ್ಲ.

ವಾರಕ್ಕೊಂದು ದಿನ ನಡಿಗೆ ಬಿಟ್ಟು ಕೋಲಾಟ ಇಡಿ. ಮೊಳದುದ್ದದ ಕೋಲು, ಹನ್ನೆರಡು ಜನರ ವೃತ್ತ, ಮೊದಲು ನಾಲ್ಕು ಹೊಡೆತದ ಸಾದಾ ವರಸೆ, ಮೂರು ವಾರದ ಮೇಲೆ ಜೋಡಿ ಬದಲಿಸುವುದು. ಇಪ್ಪತ್ತು ನಿಮಿಷ ಆಡಿದರೆ ಬಿರುಸು ನಡಿಗೆಯ ಶ್ರಮವೇ ಆಗುತ್ತದೆ, ಜೊತೆಗೆ ಭುಜ, ಸಮತೋಲನ, ಗಮನ ಎಲ್ಲಕ್ಕೂ ಕೆಲಸ. 2010ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ದೋಣಿ ತಂಡದವರನ್ನು ಪರೀಕ್ಷಿಸಿದಾಗ, ಅದೇ ಶ್ರಮವನ್ನು ಒಂಟಿಯಾಗಿ ಮಾಡಿದಾಗಿಗಿಂತ ಜೊತೆಯಾಗಿ ಒಂದೇ ಲಯದಲ್ಲಿ ಮಾಡಿದಾಗ ನೋವು ತಾಳುವ ಶಕ್ತಿ ಹೆಚ್ಚಿತ್ತು. ಲಯ ಕೂಡಿದಾಗ ಬರುವ ಆ ಹುರುಪು ನಮ್ಮ ಊರುಗಳಿಗೆ ಹೊಸದಲ್ಲ. ಮಂಡಿ ನೋವಿನವರು ಕುರ್ಚಿಯಲ್ಲಿ ಕೂತು ವೃತ್ತದೊಳಗೇ ಕೋಲು ಹೊಡೆಯಲಿ, ಹೊರಗೆ ಕೂರಿಸಬೇಡಿ.

ಉತ್ತರ 4 — ಘಟ್ಟದಂಚು (ಸಕಲೇಶಪುರ)

ಹಾಸನ ಪೇಟೆಯ ಲೆಕ್ಕ ಮಲೆನಾಡಿನ ಕಡೆ ನಡೆಯುವುದಿಲ್ಲ, ಈ ಭಾಗದವರೂ ಓದುತ್ತಾರೆಂದು ಬರೆಯುತ್ತಿದ್ದೇನೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟದ ರಸ್ತೆಯಲ್ಲಿ ಬೆಳಕು ಹರಿಯುವ ಮುಂಚೆ, ಮುಸ್ಸಂಜೆ ಮೇಲೆ ನಡಿಗೆ ಬೇಡ, ಆನೆ ದಾಟುವ ಹೊತ್ತು ಅದೇ. ಅರಣ್ಯ ಇಲಾಖೆಯ ಆನೆ ಇರುವಿಕೆಯ ಸಂದೇಶ ನೋಡಿಕೊಂಡು, ಎಂಟು ಗಂಟೆಯ ಮೇಲೆ, ಕಿವಿಗೆ ಇಯರ್‌ಫೋನ್ ಇಲ್ಲದೆ ಹೊರಡಿ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗೆ ಗುಂಪು ನಿಂತರೆ ಮತ್ತೆ ಕೂಡುವುದು ಕಷ್ಟ. ಮೇ ತಿಂಗಳಲ್ಲೇ ಸಮುದಾಯ ಭವನ ಅಥವಾ ಶಾಲೆಯ ಜಗಲಿ ಕೇಳಿಟ್ಟುಕೊಳ್ಳಿ. ಮೂವತ್ತು ಮೀಟರ್ ಜಗಲಿಯಲ್ಲಿ ಹೋಗಿ ಬಂದರೆ 60, ಹದಿನೇಳು ಸಲಕ್ಕೆ ಒಂದು ಕಿಲೋಮೀಟರ್. ಬಿಸಿಲಿಲ್ಲದ ಆ ತಿಂಗಳುಗಳಲ್ಲಿ ಕೆಲವರ ಮನಸ್ಸು ಕುಗ್ಗಬಹುದು, ನಿದ್ದೆ ಹದಗೆಡಬಹುದು. ನಡಿಗೆಯನ್ನು ಹಗಲಿನ ಬೆಳಕಿರುವಾಗಲೇ ಇಟ್ಟುಕೊಳ್ಳಿ. ಹಾಸನದವರೂ ಇಂಟರ್‌ಲಾಕ್ ಮೇಲಿನ ಪಾಚಿಯನ್ನು ಜೂನ್‌ಗೆ ಮೊದಲೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಹಿರಿಯರೊಬ್ಬರು ಜಾರಿ ಸೊಂಟ ಮುರಿದುಕೊಂಡರೆ ಅಲ್ಲಿಗೆ ಗುಂಪು ಮುಗಿಯಿತು.

ಇನ್ನೊಂದು. ತೋಟದ ಕಾರ್ಮಿಕರಿಗೆ ‘ನೀವು ದಿನಾ ದುಡಿಯುತ್ತೀರಿ, ನಿಮಗೆ ವ್ಯಾಯಾಮ ಯಾಕೆ’ ಎನ್ನುವುದು ತಪ್ಪು. ಬಿಡುವಿನಲ್ಲಿ ತಾವಾಗಿ ಆರಿಸಿ ಮಾಡುವ ಚಟುವಟಿಕೆಗೂ ಮನಸ್ಸಿನ ನೆಮ್ಮದಿಗೂ ಇರುವ ನಂಟು ಕೂಲಿಯ ಶ್ರಮದಲ್ಲಿ ಅಧ್ಯಯನಗಳಿಗೆ ಕಂಡಿಲ್ಲ. ಕಾಫಿ ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಮೂಟೆ ಹೊತ್ತ ಬೆನ್ನಿಗೆ ಇನ್ನೊಂದು ಸುತ್ತು ನಡಿಗೆ ಬೇಕಿಲ್ಲ. ಬೇಕಾದ್ದು ಬೆನ್ನು ಹಿಂದಕ್ಕೆ ಬಾಗಿಸುವ ಹತ್ತು ನಿಮಿಷ, ವಾರಕ್ಕೊಂದು ಸಂಜೆ ಥ್ರೋಬಾಲೋ ಹಗ್ಗಜಗ್ಗಾಟವೋ, ಅದಕ್ಕೊಂದು ಸಮತಟ್ಟಾದ ಜಾಗ, ಮತ್ತೆ ಅದಕ್ಕಾಗಿ ಕೂಲಿ ಕಡಿಯದ ಬಿಡುವು.

ಬಡಾವಣೆ_ಹಾಸನ

ಎಲ್ಲರಿಗೂ ವಂದನೆಗಳು. ಎರಡು ಪ್ರಶ್ನೆ ಉಳಿದಿವೆ. ಹತ್ತು ಸಾವಿರ ಹೆಜ್ಜೆ ಆಗಲೇಬೇಕು ಎಂದು ಕೆಲವರು ಹಟ ಹಿಡಿದಿದ್ದಾರೆ. ಇನ್ನೊಬ್ಬರು ‘ವ್ಯಾಯಾಮ ಮಾತ್ರೆಗೆ ಸಮ ಅಂತಾಯ್ತಲ್ಲ, ಖಿನ್ನತೆಯ ಮಾತ್ರೆ ಬಿಡ್ತೀನಿ’ ಎನ್ನುತ್ತಿದ್ದಾರೆ.

ಕೀಲುಸ್ನಾಯು

ಹತ್ತು ಸಾವಿರ ವೈದ್ಯರ ಲೆಕ್ಕವಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದ ಸಂಖ್ಯೆ. ವಯಸ್ಸಾದ ಮಹಿಳೆಯರ ಮೇಲೆ 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಲಾಭ 7,500 ಹೆಜ್ಜೆಯ ಹತ್ತಿರ ಸಮತಟ್ಟಾಯಿತು. 4,400ರಲ್ಲೇ ಕಾಣತೊಡಗಿತ್ತು. ಈಗ ಎರಡು ಸಾವಿರ ನಡೆಯುವವರು ಮೂರು ಸಾವಿರಕ್ಕೆ ಬರಲಿ, ಸಾಕು.

ಮನೋಸಾಮಾಜಿಕ

ಬಿಡಬಾರದು. ಆ ಡ್ಯೂಕ್ ಪ್ರಯೋಗದಲ್ಲಿ ಜನರನ್ನು ಮೊದಲಿನಿಂದಲೇ ಬೇರೆ ಬೇರೆ ಗುಂಪಿಗೆ ಹಾಕಿದ್ದರು, ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನು ನಿಲ್ಲಿಸಿ ನಡೆಸಿದ್ದಲ್ಲ. ಏಕಾಏಕಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತೆ ಅನ್ನಿಸುವುದು, ಸಿಡುಕು, ನಿದ್ದೆಗೇಡು ಶುರುವಾಗಬಹುದು. ಕಾಯಿಲೆ ಮರಳುವುದು ಹಲವು ವಾರಗಳ ನಂತರ, ಆಗ ಯಾರೂ ಅದಕ್ಕೂ ಮಾತ್ರೆ ಬಿಟ್ಟಿದ್ದಕ್ಕೂ ನಂಟು ಕಾಣುವುದಿಲ್ಲ. ಅವರು ಎಂಟು ವಾರ ನಡೆದು, ಆ ನೋಟ್‌ಬುಕ್ ಹಿಡಿದುಕೊಂಡು ಮಾತ್ರೆ ಬರೆದುಕೊಟ್ಟ ವೈದ್ಯರ ಹತ್ತಿರವೇ ಹೋಗಲಿ. ಕಡಿಮೆ ಮಾಡುವುದಿದ್ದರೆ ಎಷ್ಟು, ಎಷ್ಟು ವಾರಕ್ಕೊಮ್ಮೆ ಎಂದು ಆ ಪುಟಗಳನ್ನು ನೋಡಿ ಅವರೇ ಬರೆದುಕೊಡುತ್ತಾರೆ.